ಒಂದೇ ಕಮಾಂಡ್ ಸಾಕಂತೆ!

ಮೂರು ದಿನ ಹೋಯಿತು. ಒಂದು ಸಾಲು ಕೋಡ್ ಬರೆದಿಲ್ಲ.

ಹೊಸ ಪ್ರಾಜೆಕ್ಟಿಗೆ ಸೇರಿದ ದಿನ ಎಲ್ಲರದೂ ಒಂದೇ ರಾಗ. "ಸೆಟಪ್ ಅಂತ ಏನೂ ಇಲ್ಲ, ಎಲ್ಲಾ ಡಾಕರ್‌ನಲ್ಲಿದೆ. ಡಾಕರ್ ಕಂಪೋಸ್ ಅಪ್ ಅಂತ ಹೊಡೆದು ಒಂದು ಸುತ್ತು ಓಡಾಡಿ ಬಾ, ರೆಡಿ ಇರುತ್ತೆ." ಡಾಕರ್ ಅಂದರೆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ್ದನ್ನೂ ಒಂದೇ ಡಬ್ಬಿಗೆ ತುಂಬಿ ಓಡಿಸುವ ಸಾಧನ. ಡಬ್ಬಿಯ ಅಚ್ಚು ಇಮೇಜ್, ಓಡುತ್ತಿರುವ ಡಬ್ಬಿ ಕಂಟೈನರ್, ಎಲ್ಲವನ್ನೂ ಒಟ್ಟಿಗೆ ಎಬ್ಬಿಸೋದು ಕಂಪೋಸ್ ಅಪ್. ಪ್ರಾಜೆಕ್ಟ್ ಓಡಿಸುವುದು ಹೇಗೆ ಅಂತ ಬರೆದಿಡುವ ರೀಡ್‌ಮಿ ಫೈಲಿನಲ್ಲೂ ಅದೇ ಮಾತು, ಪಕ್ಕದಲ್ಲಿ ರಾಕೆಟ್ ಚಿತ್ರ ಬೇರೆ. ನಾನು ಓಡಾಡಿ ಬಂದೆ. ಪರದೆ ತುಂಬಾ ಕೆಂಪು ಅಕ್ಷರ.

ಇಮೇಜ್ ಕಟ್ಟುವ ವಿಧಾನ ಬರೆದಿರುವ ಡಾಕರ್‌ಫೈಲ್ ತೆಗೆದು ನೋಡಿದರೆ ಮೊದಲ ಸಾಲಿನಲ್ಲೇ ಭೂತ ಕೂತಿದೆ: ನೋಡ್, ಲೇಟೆಸ್ಟ್. ನೋಡ್ ಅಂದರೆ ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ಪ್ರೋಗ್ರಾಂ. ಅಯ್ಯಾ, ಲೇಟೆಸ್ಟ್ ಅನ್ನೋದು ಆವೃತ್ತಿಯಲ್ಲ, ಬರೀ ಹಣೆಪಟ್ಟಿ. ಇವತ್ತು ಒಂದು ಇಮೇಜಿನ ಮೇಲಿರುತ್ತೆ, ನಾಳೆ ಇನ್ನೊಂದರ ಮೇಲೆ. ನನಗೆ ಸಿಕ್ಕಿದ್ದು ಹೊಚ್ಚ ಹೊಸ ನೋಡ್. ಪ್ರಾಜೆಕ್ಟಿನಲ್ಲಿದ್ದ ಹಳೇ ಪ್ಯಾಕೇಜೊಂದು ಅದರ ಮೇಲೆ ಕಂಪೈಲ್ ಆಗಲ್ಲ ಅಂತ ಹಟ ಹಿಡಿಯಿತು. ಇದನ್ನು ಬರೆದವರನ್ನು ಕೇಳಿದೆ. ಬಂದ ಉತ್ತರ ಏನು ಗೊತ್ತಾ? "ನನ್ನ ಹತ್ತಿರ ಓಡ್ತಾ ಇದೆಯಲ್ಲ!"

ಓಡದೆ ಏನು! ಅವರ ಇಮೇಜ್ ಒಂದೂವರೆ ವರ್ಷದ ಹಿಂದೆ ಕಟ್ಟಿದ್ದು. ಇಮೇಜ್ ಒಮ್ಮೆ ಇದ್ದರೆ ಕಂಪೋಸ್ ಅಪ್ ಅದನ್ನೇ ಎಬ್ಬಿಸುತ್ತೆ, ಹೊಸದಾಗಿ ಕಟ್ಟಲ್ಲ. ಅಂದರೆ ಅವರು ರೀಡ್‌ಮಿಯಲ್ಲಿ ಬರೆದಿದ್ದನ್ನು ಖಾಲಿ ಮಶೀನಿನಲ್ಲಿ ಒಂದು ಸಲವೂ ಮಾಡಿ ನೋಡಿಲ್ಲ. 2013ರಲ್ಲಿ ಡಾಕರ್ ಬಂದಿದ್ದೇ ಈ "ನನ್ನ ಹತ್ತಿರ ಓಡುತ್ತೆ" ರೋಗಕ್ಕೆ ಮದ್ದು ಅಂತ ಅಲ್ವಾ? ಈಗ ಅದೇ ರೋಗವನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಕೊಡುತ್ತಿದ್ದಾರೆ.

ಸರಿ, ಹಳೇ ನೋಡ್ ಆವೃತ್ತಿ ಹಾಕಿ ಬಿಲ್ಡ್ ಮುಗಿಸಿದೆ. ಕಂಟೈನರ್ ಎದ್ದ ಕ್ಷಣವೇ ಸತ್ತಿತು. ಕಂಟೈನರ್ ಎದ್ದ ಕೂಡಲೇ ಓಡಬೇಕಾದ ಸ್ಕ್ರಿಪ್ಟ್ ಎಂಟ್ರಿಪಾಯಿಂಟ್ ಡಾಟ್ ಎಸ್‌ಎಚ್, "ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಫೈಲೇ ಇಲ್ಲವಂತೆ. ಇಮೇಜಿನೊಳಗೆ ಕಮಾಂಡ್ ಹೊಡೆಯುವ ಶೆಲ್ ತೆಗೆದು, ಫೈಲುಗಳ ಪಟ್ಟಿಗೆ ಎಲ್‌ಎಸ್ ಹೊಡೆದೆ. ಇದೆ! ಒಳಗಿರೋದನ್ನು ಓದೋಕೆ ಕ್ಯಾಟ್ ಮಾಡಿದೆ. ಪೂರ್ತಿ ಇದೆ! ಪರ್ಮಿಷನ್ ಸರಿ ಇದೆ. ಮತ್ತೆ ಓಡಿಸಿದರೆ ಮತ್ತೆ ಅದೇ, ಫೈಲ್ ಇಲ್ಲ. ಕಣ್ಣೆದುರು ಕೂತಿರುವ ಫೈಲನ್ನು ಇಲ್ಲ ಅಂದರೆ ತಲೆ ಮೊಸರು ಗಡಿಗೆ ಆಗದೆ ಇರುತ್ತಾ?

ಒಂದು ಇಡೀ ಮಧ್ಯಾಹ್ನ ಕಳೆದ ಮೇಲೆ ಗೊತ್ತಾಯಿತು. ನನ್ನದು ವಿಂಡೋಸ್. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್, ಫೈಲನ್ನು ಇಳಿಸುವಾಗ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಸಿತ್ತು. ಹಾಗಾಗಿ ಕಂಟೈನರಿನೊಳಗಿನ ಲಿನಕ್ಸ್ ಹುಡುಕುತ್ತಿದ್ದುದು ಸ್ಕ್ರಿಪ್ಟಿನ ಮೊದಲ ಸಾಲು ಹೇಳುವ, ಅದನ್ನು ಓಡಿಸಬೇಕಾದ ಬಿನ್ ಫೋಲ್ಡರಿನ ಎಸ್‌ಎಚ್ ಅನ್ನಲ್ಲ, ಬಾಲ ಇರುವ ಎಸ್‌ಎಚ್ ಅನ್ನು. ಅದು ಎಲ್ಲಿಂದ ಬರಬೇಕು? ಇಲ್ಲ ಅಂದಿದ್ದು ಅದನ್ನು, ನನ್ನ ಸ್ಕ್ರಿಪ್ಟನ್ನಲ್ಲ. ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಸಾಲಿನ ಕೊನೆಗೆ ಏನೂ ಅಂಟಿಸಬೇಡ ಅಂತ ಒಂದೇ ಒಂದು ಸಾಲು ಹಾಕಿದ್ದರೆ ನನ್ನ ಮಧ್ಯಾಹ್ನ ಉಳಿಯುತ್ತಿತ್ತು.

ಆಮೇಲೆ ಡೇಟಾಬೇಸ್ ಏಳುವ ಮುಂಚೆಯೇ ಆಪ್ ಎದ್ದು, ಕನೆಕ್ಷನ್ ಸಿಗದೆ ಬಿದ್ದುಹೋಯಿತು. ಕಂಪೋಸ್ ಫೈಲಿನಲ್ಲಿ ಡಿಪೆಂಡ್ಸ್ ಆನ್ ಅಂತ ಸುಮ್ನೆ ಬರೆದರೆ ಅದು ಡೇಟಾಬೇಸ್ ಕಂಟೈನರ್ ಶುರುವಾಗುವ ತನಕ ಮಾತ್ರ ಕಾಯುತ್ತೆ, ಕೆಲಸಕ್ಕೆ ರೆಡಿ ಆಗುವ ತನಕ ಅಲ್ಲ. ಅದಕ್ಕೆ, ರೆಡಿ ಇದೆಯಾ ಅಂತ ಆಗಾಗ ಕೇಳಿ ನೋಡುವ ಹೆಲ್ತ್‌ಚೆಕ್ ಬೇಕು. ಯಾರೂ ಬರೆದಿಲ್ಲ. "ಎರಡು ಸಲ ಓಡಿಸು, ಎರಡನೇ ಸಲ ಬರುತ್ತೆ" ಅಂದರು. ಇದನ್ನಾದರೂ ರೀಡ್‌ಮಿಯಲ್ಲಿ ಹಾಕಬಾರದಾ ಮಾರಾಯ್ರೆ, ಆ ರಾಕೆಟ್ ಜಾಗದಲ್ಲಿ?

ಅಂತೂ ಓಡಿತು. ಕೋಡ್ ಬದಲಿಸಿ ಸೇವ್ ಮಾಡಿದೆ, ಬ್ರೌಸರ್‌ನಲ್ಲಿ ಏನೂ ಬದಲಾಗಲಿಲ್ಲ. ವಿಂಡೋಸ್ ಫೋಲ್ಡರಿನಲ್ಲಿ ಫೈಲ್ ಬದಲಾಗಿದ್ದು ಒಳಗಿನ ಲಿನಕ್ಸಿಗೆ ಗೊತ್ತೇ ಆಗುತ್ತಿರಲಿಲ್ಲ. ಇಡೀ ಪ್ರಾಜೆಕ್ಟನ್ನು, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳಗೆ ಸಾಗಿಸಿದ ಮೇಲೆ ಸರಿಹೋಯಿತು. ನನ್ನ ಜೊತೆಗೇ ಸೇರಿದ ಇನ್ನೊಬ್ಬರದು ಲಿನಕ್ಸ್. ಅವರ ಗೋಳೇ ಬೇರೆ. ಕಂಟೈನರ್ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನ ಹೆಸರಲ್ಲಿ ಓಡುತ್ತೆ, ಅದು ಸೃಷ್ಟಿಸಿದ ಫೈಲುಗಳಿಗೆಲ್ಲ ರೂಟೇ ಒಡೆಯ. ತಮ್ಮದೇ ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಅಳಿಸೋಕೆ ಅವರು ಸುಡೋ ಹಾಕಿ ಆ ರೂಟ್ ಅಧಿಕಾರ ಪಡೆಯಬೇಕು.

ಇಷ್ಟನ್ನೂ ಸರಿಮಾಡಿ, ಯಾಕೆ ಅಂತ ಬಿಡಿಸಿ ಬರೆದು, ಈ ಬದಲಾವಣೆ ಸೇರಿಸಿಕೊಳ್ಳಿ ಅಂತ ಪುಲ್ ರಿಕ್ವೆಸ್ಟ್ ಕಳಿಸಿದೆ. ಇವತ್ತು ಬೆಳಿಗ್ಗೆ ಅದರ ಕೆಳಗೆ ಒಂದು ಸಾಲು ಬಂದಿದೆ: "ನಮಗ್ಯಾರಿಗೂ ಈ ತೊಂದರೆ ಬಂದಿಲ್ಲವಲ್ಲ, ಇದೆಲ್ಲ ನಿಜವಾಗ್ಲೂ ಬೇಕಾ?"