ಕಂಬಾಲಪಲ್ಲಿಯವರನ್ನು ಯಾರು ಕೇಳಿದರು?

ಭಯೋತ್ಪಾದನೆ ಅಂದರೆ ನಮ್ಮ ಕಡೆಯವರು ಮುಂಬೈ ಅನ್ನುತ್ತಾರೆ, ಕಾಶ್ಮೀರ ಅನ್ನುತ್ತಾರೆ. ಚಿಕ್ಕಬಳ್ಳಾಪುರ, ಕೋಲಾರಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳುತ್ತಾರೆ. ನನಗೆ ಸಂಬಂಧ ಇದೆ ಅಂತಲೇ ಅನ್ನಿಸುತ್ತದೆ. 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮನೆಗಳಿಗೆ ಬೆಂಕಿ ಹಚ್ಚಿ ಏಳು ಜನ ದಲಿತರನ್ನು ಸುಟ್ಟು ಕೊಂದರಲ್ಲ, ಅದನ್ನು ಕಣ್ಣಾರೆ ಕಂಡ ಮಕ್ಕಳ ಪಾಲಿಗೆ ಅದು ಯಾವ ಬಾಂಬಿಗೂ ಕಡಿಮೆಯಲ್ಲ. ಬಾಂಬ್ ಇಟ್ಟವನು ಎಲ್ಲಿಂದಲೋ ಬಂದವನು ಅಂತಲಾದರೂ ಅಂದುಕೊಳ್ಳಬಹುದು. ಇಲ್ಲಿ ಹಾಗಲ್ಲ, ಎಲ್ಲರೂ ಗೊತ್ತಿರುವವರೇ.

ನಾನು ಚಿಂತಾಮಣಿ ಕಡೆಯವನು. ಕೆಲಸದ ಮೇಲೆ ಬಂದು ಈಗ ಬೆಲ್‌ಫಾಸ್ಟ್‌ನಲ್ಲಿದ್ದೇನೆ, ಉತ್ತರ ಐರ್ಲೆಂಡಿನಲ್ಲಿ. ಇಲ್ಲೂ ಹೊಡೆದಾಡಿದ್ದು ಅಕ್ಕಪಕ್ಕದವರೇ, ಕ್ಯಾಥೊಲಿಕ್ಕರು ಮತ್ತು ಪ್ರೊಟೆಸ್ಟೆಂಟರು. 1960ರ ದಶಕದ ಕೊನೆಯಿಂದ 1998ರ ಶಾಂತಿ ಒಪ್ಪಂದದವರೆಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಇಡೀ ನಾಡಿನ ಜನಸಂಖ್ಯೆ ಈಗಲೂ 20 ಲಕ್ಷ ಮುಟ್ಟಿಲ್ಲ. ಅಂಥ ಚಿಕ್ಕ ಜಾಗದಲ್ಲಿ ಅಷ್ಟು ಸಾವು ಅಂದರೆ ಯಾರ ಮನೆ ತಾನೇ ಉಳಿದೀತು? ಇಲ್ಲಿನ ಅಲ್‌ಸ್ಟರ್ ವಿಶ್ವವಿದ್ಯಾಲಯದವರು ಸಮೀಕ್ಷೆ ಮಾಡಿದಾಗ, ಆ ಗಲಭೆಗೆ ಸಂಬಂಧಿಸಿದ ಯಾವುದಾದರೂ ಘೋರ ಘಟನೆಯನ್ನು ಸ್ವತಃ ಅನುಭವಿಸಿದ್ದೇವೆ ಎಂದು ಹೇಳಿದವರು ನೂರಕ್ಕೆ ಸುಮಾರು 39 ಜನ.

ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಆಶ್ಚರ್ಯ ಆಗಿದ್ದು ಒಂದು ಪ್ರಶ್ನೆ. ಇಬ್ಬರು ಹೊಸದಾಗಿ ಪರಿಚಯ ಆದರೆ, ಸ್ವಲ್ಪ ಹೊತ್ತಿಗೆ ಯಾವ ಸ್ಕೂಲಲ್ಲಿ ಓದಿದ್ದು ಅಂತ ಬರುತ್ತದೆ. ಸ್ಕೂಲಿನ ಹೆಸರು ಕೇಳಿದರೆ ಸಾಕು, ಕ್ಯಾಥೊಲಿಕ್ಕೋ ಪ್ರೊಟೆಸ್ಟೆಂಟೋ ಗೊತ್ತಾಗಿಬಿಡುತ್ತದೆ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಊರು ಕೇಳಿ, ಊರಲ್ಲಿ ಯಾರ ಪೈಕಿ ಅಂತ ಕೇಳಿ, ಕೊನೆಗೆ "ನೀವು ಯಾವ ಜನ?" ಅಂತ ನೇರವಾಗೇ ಕೇಳುತ್ತಾರಲ್ಲ, ಅದೇ ಇದು. ಇವರು ಎರಡು ಕಡೆಯವರ ನಡುವೆ ಎತ್ತರದ ಗೋಡೆಗಳನ್ನೇ ಕಟ್ಟಿದ್ದಾರೆ. 2023ರೊಳಗೆ ಅವನ್ನೆಲ್ಲ ತೆಗೆಯುತ್ತೇವೆ ಎಂದು ಸರ್ಕಾರ 2013ರಲ್ಲಿ ಹೇಳಿತ್ತು, ಆಗಲಿಲ್ಲ. ಹತ್ತಿರದಲ್ಲೇ ಇರುವ ಜನರೇ ಬೇಡ ಅನ್ನುತ್ತಾರೆ, ಇನ್ನೂ ಭಯ. ನಮ್ಮ ಹಳ್ಳಿಗಳಲ್ಲಿ ಇಂಥ ಗೋಡೆ ಇಲ್ಲ, ಆದರೆ ಕೇರಿ ಎಲ್ಲಿ ಶುರುವಾಗುತ್ತದೆ ಅನ್ನೋದು ಮೂರು ವರ್ಷದ ಮಗುವಿಗೂ ಗೊತ್ತಿರುತ್ತದೆ.

ಹಾಗಾಗಿ ಇವರು ನಮಗಿಂತ ದೊಡ್ಡವರು ಅಂತ ನಾನು ಹೇಳುತ್ತಿಲ್ಲ. ಒಂದು ವಿಷಯದಲ್ಲಿ ಮಾತ್ರ ಇವರಿಂದ ಕಲಿಯೋದು ಬಹಳ ಇದೆ.

ಬೆಲ್‌ಫಾಸ್ಟ್‌ನಿಂದ ಒಂದೂವರೆ ಗಂಟೆ ದಾರಿಯಲ್ಲಿ ಓಮಾ ಅಂತ ಒಂದು ಪೇಟೆ ಇದೆ. 1998ರ ಆಗಸ್ಟ್ 15, ಶನಿವಾರ, ಪೇಟೆ ಬೀದಿ ತುಂಬಾ ಜನ ಇದ್ದಾಗ ಕಾರ್ ಬಾಂಬ್ ಸಿಡಿದು 29 ಜನ ಸತ್ತರು. ಅದರಲ್ಲಿ ಒಬ್ಬಾಕೆ ಅವಳಿ ಮಕ್ಕಳ ಬಸುರಿ. ಶಾಂತಿ ಒಪ್ಪಂದ ಆಗಿ ಆಗಿನ್ನೂ ನಾಲ್ಕೇ ತಿಂಗಳು. ಈ ಕೊಲೆಗಳಿಗೆ ಇವತ್ತಿನವರೆಗೆ ಕ್ರಿಮಿನಲ್ ಕೋರ್ಟಿನಲ್ಲಿ ಯಾರಿಗೂ ಶಿಕ್ಷೆ ಆಗಿಲ್ಲ. 2009ರಲ್ಲಿ ಮನೆಯವರೇ ಹಾಕಿದ ಸಿವಿಲ್ ದಾವೆಯಲ್ಲಿ ನಾಲ್ಕು ಜನ ಹೊಣೆಗಾರರು ಅಂತ ತೀರ್ಪು ಬಂತು, ಅಷ್ಟೇ.

ಕಂಬಾಲಪಲ್ಲಿಯದೂ ಇದೇ ಕತೆ. ಸಾಕ್ಷಿಗಳು ಕೋರ್ಟಿನಲ್ಲಿ ಮಾತು ಬದಲಿಸಿದರು, 2006ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಯಾಕೆ ಹಾಗೆ ಮಾಡಿದರು ಅಂತ ಬೈಯುವ ಮೊದಲು ಒಂದು ನಿಮಿಷ ಯೋಚನೆ ಮಾಡಿ. ಅಂಥದ್ದನ್ನು ಕಂಡವರು, ನಾಳೆ ಅದೇ ಊರಲ್ಲಿ ಅದೇ ಹೊಲಕ್ಕೆ ಕೂಲಿಗೆ ಹೋಗಬೇಕಾದವರು, ಕಟಕಟೆಯಲ್ಲಿ ನಿಂತು ಗಟ್ಟಿಯಾಗಿ ಮಾತಾಡೋದು ಸುಲಭವಾ? ಹಿಂಸೆಯ ಪರಿಣಾಮ ಸಮಾಜದ ಮೇಲೆ ಹೇಗೆ ಉಳಿಯುತ್ತದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಬೆಂಕಿ ಒಂದು ದಿನದ್ದು. ಬಾಯಿ ಕಟ್ಟಿದ್ದು ವರ್ಷಗಟ್ಟಲೆ.

ಈಗ ವ್ಯತ್ಯಾಸಕ್ಕೆ ಬರುತ್ತೇನೆ. ಓಮಾದಲ್ಲಿ ಬಾಂಬ್ ಸಿಡಿದ ಮೇಲೆ ಅಲ್ಲಿನ ಆರೋಗ್ಯ ಇಲಾಖೆಯವರು ಮನಸ್ಸಿಗೆ ಪೆಟ್ಟು ಬಿದ್ದವರನ್ನು ನೋಡಿಕೊಳ್ಳಲೆಂದೇ ಒಂದು ತಂಡ ಮಾಡಿದರು. ಮುಂದೆ ಅದರ ಅನುಭವದ ಮೇಲೆ ಒಂದು ಕೇಂದ್ರವೇ ಶುರುವಾಯಿತು. 2021ರಿಂದ, ಗಲಭೆಯಲ್ಲಿ ಶಾಶ್ವತವಾಗಿ ಊನವಾದವರಿಗೆ ವರ್ಷಕ್ಕೆ ಸುಮಾರು 2,000ದಿಂದ 10,000 ಪೌಂಡ್ ಕೊಡುವ ಯೋಜನೆ ಇದೆ. ಕಾಲು ಹೋದವರಿಗೆ ಮಾತ್ರವಲ್ಲ, ಮನಸ್ಸಿಗೆ ಆದ ಗಾಯಕ್ಕೂ ಅದು ಸಿಗುತ್ತದೆ. ಬಹಳ ತಡವಾಗಿ, ಗಾಯಗೊಂಡವರೇ ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಆದರೂ ಕಾಣದ ಗಾಯವೂ ಗಾಯವೇ ಅಂತ ಕಾನೂನು ಒಪ್ಪಿದೆ ಅಲ್ವಾ, ಅದು ದೊಡ್ಡ ಮಾತು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಲಕಿದ್ದು 2025ರ ಜನವರಿ ಕೊನೆಯಲ್ಲಿ ಶುರುವಾದ ವಿಚಾರಣೆ. ಬಾಂಬ್ ತಡೆಯಬಹುದಿತ್ತಾ ಅಂತ ನೋಡುವ ಸರ್ಕಾರಿ ಆಯೋಗ ಅದು. ಪೊಲೀಸ್ ಫೈಲು ತೆರೆಯುವ ಮೊದಲು, ಓಮಾದಲ್ಲೇ ಒಂದು ಸಭಾಂಗಣದಲ್ಲಿ, ಸತ್ತವರ ಮನೆಯವರನ್ನು ಕರೆದು ಅವರು ಎಂಥವರಾಗಿದ್ದರು ಹೇಳಿ ಎಂದು ಕೇಳಿದರು. ಬದುಕಿ ಉಳಿದವರನ್ನೂ ಕೇಳಿದರು, ಗಾಯಾಳುಗಳನ್ನು ಎತ್ತಿ ಸಾಗಿಸಿದವರನ್ನೂ ಕೇಳಿದರು. ಕೆಲವು ವಾರ ಇದೇ ನಡೆಯಿತು. ಇಪ್ಪತ್ತಾರು ವರ್ಷ ಆದ ಮೇಲೂ ಜನ ಎದ್ದು ನಿಂತು ಅತ್ತರು, ಹೇಳಿದರು. ಶಿಕ್ಷೆ ಆಗಿಲ್ಲ, ನಿಜ. ಹೇಳಿಕೊಳ್ಳಲು ಒಂದು ಜಾಗ ಆಯಿತು, ಅದನ್ನು ಬರೆದುಕೊಳ್ಳುವವರಿದ್ದರು.

ನಮ್ಮಲ್ಲಿ? ಸ್ಮಾರಕ ಕಟ್ಟಲು ನಮಗೆ ಬರುವುದಿಲ್ಲ ಅಂತಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಪೊಲೀಸರು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿಸಿದ್ದನ್ನು ನಾವು ಮರೆತಿಲ್ಲ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತ ಹೆಮ್ಮೆಯಿಂದ ಹೇಳುತ್ತೇವೆ, ಸ್ಕೂಲ್ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಮಾಡಬೇಕಾದ್ದೇ. ಆದರೆ ಅಲ್ಲಿ ಗುಂಡು ಹಾರಿಸಿದ್ದು ಸರ್ಕಾರ, ನೆನೆಯಲು ಯಾರಿಗೂ ಮುಜುಗರವಿಲ್ಲ. ಅದೇ ಜಿಲ್ಲೆಯ ಕಂಬಾಲಪಲ್ಲಿಯ ಮಾತು ಬಂದರೆ, "ಹಳೇದನ್ನ ಯಾಕಪ್ಪಾ ಕೆದಕ್ತೀಯಾ" ಅನ್ನುತ್ತಾರೆ. ಹಾಗನ್ನುವವರ ಮನೆಗೆ ಬೆಂಕಿ ಬಿದ್ದಿರಲಿಲ್ಲ.

ತುಮಕೂರು ಜಿಲ್ಲೆಯ ಪಾವಗಡದ್ದೂ ಹೀಗೇ. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ಕ್ಯಾಂಪ್ ಹಾಕಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ನಕ್ಸಲರು ರಾತ್ರಿ ದಾಳಿ ಮಾಡಿದರು. ಸತ್ತ ಪೊಲೀಸರ ಹೆಸರನ್ನು ಅಕ್ಟೋಬರ್ 21ರ ಹುತಾತ್ಮರ ದಿನ ಗೌರವದಿಂದ ನೆನೆಯುತ್ತಾರೆ. ಆ ರಾತ್ರಿ ಕ್ಯಾಂಪಿನಲ್ಲೇ ಇದ್ದು ಬದುಕಿ ಬಂದ ಕಾನ್‌ಸ್ಟೇಬಲ್‌ಗಳು? ಗುಂಡಿನ ಸದ್ದಿಗೆ ಎದ್ದು ಕೂತ ಊರಿನ ಮಕ್ಕಳು? ಈಗ ಆ ಕಡೆ ಹೆಸರಾಗಿರುವುದು ತಿರುಮಣಿಯ ಸೋಲಾರ್ ಪಾರ್ಕ್. ಒಳ್ಳೆಯದೇ, ಆದರೆ ಅಭಿವೃದ್ಧಿ ಬಂದರೆ ಭಯ ತಾನಾಗೇ ಹೋಗುತ್ತದೆ ಅನ್ನೋದನ್ನು ನಾನು ನಂಬಲ್ಲ. ಬೆಲ್‌ಫಾಸ್ಟ್ ಈಗ ಹೊಳೆಯುವ ಊರು, ಗೋಡೆಗಳು ಇನ್ನೂ ನಿಂತಿವೆ.

ರಾತ್ರಿ ಬೆಚ್ಚಿ ಏಳುವ ಮಗುವಿಗೆ ನಮ್ಮ ಕಡೆ ತಾಯತ ಕಟ್ಟಿಸುತ್ತಾರೆ, ಗಾಳಿ ಸೋಕಿದೆ ಅನ್ನುತ್ತಾರೆ. ಅಮ್ಮಂದಿರನ್ನು ದೂರಲಾರೆ, ಅವರಿಗೆ ಬೇರೆ ದಾರಿ ತೋರಿಸಿದವರು ಯಾರು? ದಾರಿಯೇನೋ ಇದೆ. ಭೋಪಾಲದ ಅನಿಲ ದುರಂತ, ಗುಜರಾತ್ ಭೂಕಂಪ, ಸುನಾಮಿ ಅಂತ ದೇಶದ ಮೂಲೆಮೂಲೆಗೆ ಹೋಗಿ ಜನರ ಮನಸ್ಸಿನ ಆರೈಕೆ ಮಾಡಿದ್ದು ನಮ್ಮ ನಿಮ್ಹಾನ್ಸ್‌ನವರು. ಹಳ್ಳಿಯ ಆಸ್ಪತ್ರೆಯಲ್ಲೇ ಮನೋರೋಗಕ್ಕೆ ಮದ್ದು ಕೊಡಬಹುದು ಅಂತ ಬಳ್ಳಾರಿಯಲ್ಲಿ ಮಾಡಿ ತೋರಿಸಿದರು, ಅದೇ ಮಾದರಿ ಮೇಲೆ 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು, ಆಮೇಲೆ ಬೇರೆ ಕಡೆಗೂ ಹಬ್ಬಿತು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ನಮ್ಮ ಹತ್ತಿರ ಇನ್ನೂ ಒಂದು ಇದೆ, ಬೆಲ್‌ಫಾಸ್ಟ್‌ನವರ ಹತ್ತಿರ ಇಲ್ಲದ್ದು. ಇಲ್ಲಿ ಎರಡೂ ಕಡೆಯ ಮಕ್ಕಳು ಸೇರಿ ಓದಲೆಂದೇ ಇರುವ ಶಾಲೆಗಳಲ್ಲಿ ನೂರಕ್ಕೆ ಹತ್ತು ಮಕ್ಕಳೂ ಇಲ್ಲ. ನಮ್ಮ ಸರ್ಕಾರಿ ಶಾಲೆಯಲ್ಲಿ ಎಲ್ಲ ಕೇರಿಯ ಮಕ್ಕಳು ಒಂದೇ ಕ್ಲಾಸಿನಲ್ಲಿ ಕೂರುತ್ತಾರೆ. ಅದನ್ನು ಕಳೆದುಕೊಳ್ಳಬಾರದು. ಹಳ್ಳಿ ಶಾಲೆ ಮುಚ್ಚುವ ಸುದ್ದಿ ಓದಿದಾಗೆಲ್ಲ ನನಗೆ ಈ ಗೋಡೆಗಳೇ ಕಣ್ಣಮುಂದೆ ಬರುತ್ತವೆ.

ಚಿಂತಾಮಣಿಯಲ್ಲಿ ಒಂದು ಹಾಲ್ ಸಾಕು. ಕಂಬಾಲಪಲ್ಲಿಯ ಸಂತ್ರಸ್ತರು, ಇಷ್ಟ ಇದ್ದವರು ಮಾತ್ರ, ಕನ್ನಡದಲ್ಲೋ ತೆಲುಗಿನಲ್ಲೋ ಹೇಳಲಿ. ಜಿಲ್ಲಾಡಳಿತ ಕೂತು ಕೇಳಲಿ, ಬರೆದಿಡಲಿ, ನಿಮ್ಹಾನ್ಸ್‌ನವರು ಜೊತೆಗಿರಲಿ. ಕೇಸು ಮತ್ತೆ ತೆರೆಯಬೇಕಾ ಬೇಡವಾ ಅನ್ನೋದು ಬೇರೆ ಮಾತು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಮೂವತ್ತೈದು ತುಂಬಿದೆ, ಅವರಿಗೂ ಮಕ್ಕಳಿವೆ. ಆಗಲೇ ವಯಸ್ಸಾಗಿದ್ದವರು ಎಷ್ಟು ದಿನ ಇರುತ್ತಾರೆ? ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಜಿಲ್ಲಾಧಿಕಾರಿ ಮನಸ್ಸು ಮಾಡಿದರೆ ಈ ವರ್ಷವೇ ಶುರು ಮಾಡಬಹುದು.