ಮಕ್ಕಳ ಆಟ ಮಕ್ಕಳಿಗೆ ಬಿಡಿ

ಇವತ್ತು ನಿಜಕ್ಕೂ ಸಾಕಾಯ್ತು. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸ್ಟೇಟ್ ಪಾರ್ಕ್ ಒಂದರಲ್ಲಿ ಕುಟುಂಬಗಳ ಸ್ಪರ್ಧೆ ಇತ್ತು. ದಿಕ್ಸೂಚಿ ಹಿಡಿದು ಗುರುತು ಹುಡುಕುವ ಸರದಿ ಮಕ್ಕಳದ್ದು. ಪಕ್ಕದ ತಂಡದ ಅಪ್ಪ ಮಗಳ ಕೈಯಿಂದ ಅದನ್ನು ಕಿತ್ತುಕೊಂಡು, ಫೋನಿನ ಮ್ಯಾಪ್ ನೋಡುತ್ತಾ ತಾನೇ ಓಡಿಬಿಟ್ಟರು. ಆ ಹುಡುಗಿ ಸುಮ್ನೆ ನಿಂತಿದ್ದಳು.

ಪ್ರತಿ ಸಲ ಇದೇ ಕಥೆ. ಟೆಂಟ್ ಹಾಕಲು ಅಪ್ಪ, ಗಂಟು ಬಿಗಿಯಲು ಅಮ್ಮ, ಮಕ್ಕಳು ಫೋಟೊಗೆ ಮಾತ್ರ! ಹಗ್ಗ ಜಗ್ಗಾಟದಲ್ಲೂ ಚಿಕ್ಕವರನ್ನು ಪಕ್ಕಕ್ಕೆ ಸರಿಸಿ ದೊಡ್ಡವರೇ ಜಗ್ಗುತ್ತಾರೆ. ಸೋತರೆ ಬೈಗುಳ ಮಾತ್ರ ಮಗುವಿಗೆ. ಇಷ್ಟಕ್ಕೂ ಗೆದ್ದವರಿಗೆ ಸಿಗುವುದೇನು? ಒಂದು ರಿಬ್ಬನ್.

ದಿಕ್ಸೂಚಿ ಎಷ್ಟು ಚಂದದ ವಸ್ತು ಗೊತ್ತಾ? ಈ ಭಾಗದಲ್ಲಿ ಅದರ ಮುಳ್ಳು ತೋರಿಸುವ ಉತ್ತರ, ನಕ್ಷೆಯ ಉತ್ತರಕ್ಕಿಂತ ಸುಮಾರು 13 ಡಿಗ್ರಿ ಪೂರ್ವಕ್ಕಿರುತ್ತದೆ. ಆ ವ್ಯತ್ಯಾಸ ಲೆಕ್ಕ ಹಾಕಿ, ತಪ್ಪು ದಾರಿ ಹಿಡಿದು, ವಾಪಸ್ ಬಂದಾಗಲೇ ಅಲ್ವಾ ಮಗು ಕಲಿಯುವುದು? 90 ಮೀಟರ್ ಮೀರಿ ಬೆಳೆಯುವ ರೆಡ್‌ವುಡ್ ಮರಗಳ ನಡುವೆ ಫೋನ್ ಸಿಗ್ನಲ್ ಹೋದರೆ ಏನು ಮಾಡ್ತೀರಿ?

ಇದರ ಜೊತೆಗೆ, ಗೆಲ್ಲುವ ಅವಸರದಲ್ಲಿ ಕಾಲುದಾರಿ ಬಿಟ್ಟು ಪೊದೆಗೆ ನುಗ್ಗುತ್ತಾರೆ. ಅಲ್ಲಿ ಪಾಯಿಸನ್ ಓಕ್ ಎಂಬ, ಮುಟ್ಟಿದರೆ ಮೈ ತುರಿಸುವ ಗಿಡ ಬೆಳೆದಿರುತ್ತದೆ. ಮೂರು ಎಲೆಗಳ ಗೊಂಚಲು ಕಂಡರೆ ಮುಟ್ಟಬೇಡಿ ಅಂತ ರೇಂಜರ್ ಬೆಳಿಗ್ಗೆಯೇ ಹೇಳಿದ್ದರು. ಗಮನವಿಟ್ಟು ಕೇಳಿದ್ದು ಮಕ್ಕಳು ಮಾತ್ರ. ಆದರೆ ಅಪ್ಪನೇ ನುಗ್ಗಿದ ಮೇಲೆ ಮಗು ಹಿಂದೆ ಹೋಗದೆ ಇರುತ್ತಾ? ಆಮೇಲೆ ಮೈಯೆಲ್ಲ ಗುಳ್ಳೆ ಎದ್ದು ರಾತ್ರಿಯಿಡೀ ತುರಿಸಿಕೊಂಡು ಅಳುವುದು ಯಾರು?