ಕದ್ದಿದ್ದಕ್ಕೆ ಮಣೆ, ಕೊಟ್ಟಿದ್ದಕ್ಕೆ ಮೂಗು ಮುರಿಯೋದು

ನಮ್ಮಕ್ಕನ ಮಗ ಭಾನುವಾರ ಮನೆಗೆ ಬಂದಿದ್ದ. ಮೆಕ್ಯಾನಿಕಲ್, ಮೂರನೇ ವರ್ಷ. ಊಟ ಮುಗಿಸಿ ನನ್ನ ಶೆಡ್ಡಿಗೆ ಬಂದವನು ಲ್ಯಾಪ್‌ಟಾಪ್ ಪರದೆ ನೋಡಿ ನಕ್ಕುಬಿಟ್ಟ. ಅದರಲ್ಲಿದ್ದದ್ದು ಫ್ರೀಕ್ಯಾಡ್, ಯಂತ್ರದ ಬಿಡಿಭಾಗಗಳನ್ನು ಕಂಪ್ಯೂಟರಲ್ಲಿ ಬಿಡಿಸೋ ಪುಕ್ಕಟೆ ಸಾಫ್ಟ್‌ವೇರು. "ಚಿಕ್ಕಮ್ಮ, ಫ್ರೀಕ್ಯಾಡಾ? ಇದನ್ನೆಲ್ಲ ಯಾರು ಯೂಸ್ ಮಾಡ್ತಾರೆ! ತಡಿ, ಒಳ್ಳೇದೊಂದು ಹಾಕ್ಕೊಡ್ತೀನಿ" ಅಂತ ಜೇಬಿಂದ ಪೆನ್‌ಡ್ರೈವ್ ತೆಗೆದ.

ಏನಪ್ಪಾ ಒಳ್ಳೇದು ಅಂತ ನೋಡಿದರೆ ಕ್ರ್ಯಾಕು, ಅಂದರೆ ದುಡ್ಡಿನ ಸಾಫ್ಟ್‌ವೇರಿನ ಬೀಗ ಮುರಿದ ಕಳ್ಳ ನಕಲು. ಜೊತೆಗೊಂದು ರೀಡ್‌ಮಿ ಫೈಲು. ಮೊದಲು ಇಂಟರ್ನೆಟ್ ತೆಗೀಬೇಕಂತೆ, ಆಮೇಲೆ ಆಂಟಿವೈರಸ್ ಆಫ್ ಮಾಡಬೇಕಂತೆ. ನನ್ನ ಬ್ಯಾಂಕಿನ ಲಾಗಿನ್, ಪ್ಯಾನು, ಆಧಾರು, ಪಿಯುಸಿ ಮಕ್ಕಳ ಮಾರ್ಕ್ಸ್ ಪಟ್ಟಿ ಎಲ್ಲಾ ಇರೋದು ಅದೇ ಲ್ಯಾಪ್‌ಟಾಪಲ್ಲಿ. ಬೇಡ ಕಣೋ ಅಂದೆ. "ಅಯ್ಯೋ ಚಿಕ್ಕಮ್ಮ, ಲಕ್ಷಗಟ್ಟಲೆ ಬೆಲೆ ಇರೋ ಸಾಫ್ಟ್‌ವೇರು, ಸುಮ್ಮನೆ ಸಿಕ್ತಿದೆ" ಅಂದ.

ಅಲ್ಲೇ ನನಗೆ ಉರಿದದ್ದು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನೋ ಜನ ನಾವು. ಆದರೆ ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ ನಮಗೆ ಬಿಟ್ಟಿ ಸಾಲದು, ಕದ್ದದ್ದೇ ಆಗಬೇಕು. ಬೆಲೆ ಲಕ್ಷ ಇದ್ದು ಅದನ್ನು ಹೊಡೆದುಕೊಂಡು ಬಂದಿದ್ದರೆ ಮಾತ್ರ ಅದು ಸಾಫ್ಟ್‌ವೇರು. ಅದನ್ನು ಬರೆದವರೇ "ತಗೊಳ್ಳಿ, ಬಳಸಿ, ಬೇಕಾದರೆ ತಿದ್ದಿ" ಅಂತ ಕೊಟ್ಟರೆ, ಥೂ, ಗುಜರಿ.

ತಮಾಷೆ ಅಂದರೆ ಅವನಿಗೆ ಕದಿಯೋ ಅಗತ್ಯವೇ ಇಲ್ಲ. ವಿದ್ಯಾರ್ಥಿಗಳಿಗೆ ಆಟೊಡೆಸ್ಕ್ ಕಂಪನಿ ಇದೇ ಕೆಲಸದ ತನ್ನ ಫ್ಯೂಷನ್ ಸಾಫ್ಟ್‌ವೇರನ್ನು ಪುಕ್ಕಟೆ ಕೊಡುತ್ತೆ, ಕಾಲೇಜಿನ ದಾಖಲೆ ತೋರಿಸಿದರೆ ಆಯ್ತು. ಅದಕ್ಕೆ ಫಾರ್ಮ್ ತುಂಬೋಕೆ ಸೋಮಾರಿತನ. ಕ್ರ್ಯಾಕ್ ಹುಡುಕೋಕೆ ಮಾತ್ರ ರಾತ್ರಿಯೆಲ್ಲಾ ನಿದ್ದೆಗೆಡ್ತಾನೆ.

ನನ್ನ ಶೆಡ್ಡು ಅಂದರೆ ಹವ್ಯಾಸಕ್ಕೆ ಸಣ್ಣಪುಟ್ಟ ಸಾಮಾನು ಮಾಡಿಕೊಳ್ಳೋ ಜಾಗ. ಈಗ ಮಾಡ್ತಿರೋದು ಮರ ಉಜ್ಜೋಕೊಂದು ಬೆಲ್ಟ್ ಸ್ಯಾಂಡರ್. ಕೆಟ್ಟುಹೋದ ವಾಷಿಂಗ್ ಮಷೀನಿನ ಮೋಟರು, ಹಳೇ ಸೀಲಿಂಗ್ ಫ್ಯಾನಿನಿಂದ ಬಿಚ್ಚಿದ 6202 ಬೇರಿಂಗು. ಒಳಗೆ 15 ಮಿ.ಮೀ., ಹೊರಗೆ 35, ದಪ್ಪ 11. ಆ ಬೇರಿಂಗ್ ಕೂರೋ ಹೌಸಿಂಗ್ ಒಂದು ಬೇಕು, ಅದನ್ನು ಹಿಡಿದುಕೊಳ್ಳೋಕೆ ತಗಡಿನ ಬ್ರಾಕೆಟ್ ಒಂದು ಬೇಕು. ಇಷ್ಟಕ್ಕೆ ವಿಮಾನ ಡಿಸೈನ್ ಮಾಡೋ ಸಾಫ್ಟ್‌ವೇರ್ ಬೇಕಾ?

ಹೌಸಿಂಗ್ 3ಡಿ ಪ್ರಿಂಟ್ ಮಾಡಿಸಿದೆ. ಪ್ಲಾಸ್ಟಿಕ್ಕಿನಲ್ಲಿ ತೂತು ಸ್ವಲ್ಪ ಬಿಗಿಯಾಗೇ ಬರುತ್ತೆ, ಬೇರಿಂಗ್ ಕೂರಲಿಲ್ಲ. ಫ್ರೀಕ್ಯಾಡ್ ತೆಗೆದು ಸ್ಕೆಚ್ಚಿನಲ್ಲಿ 35 ಇದ್ದದ್ದನ್ನು 35.2 ಮಾಡಿದೆ. ಸುತ್ತಲಿನ ಗೋಡೆ, ಸ್ಕ್ರೂ ತೂತು, ಅಂಚಿನ ದುಂಡು ಎಲ್ಲಾ ತಾನಾಗೇ ಸರಿದು ಕೂತವು. ಪ್ಯಾರಾಮೆಟ್ರಿಕ್ ಅನ್ನೋದು ಇದನ್ನೇ. ಲಕ್ಷ ರೂಪಾಯಿಯದ್ದೂ ಈ ಕೆಲಸ ಮಾಡೋದು ಹೀಗೇ.

"ಆದ್ರೆ ಇಂಡಸ್ಟ್ರಿ ಸ್ಟ್ಯಾಂಡರ್ಡ್ ಅಂತ ಒಂದಿದೆಯಲ್ಲ ಮೇಡಂ" ಅನ್ನೋರು ಈಗಾಗಲೇ ಕಾಮೆಂಟ್ ಟೈಪ್ ಮಾಡ್ತಿರ್ತೀರಿ. ಇದೆ ಸ್ವಾಮಿ. ಪೀಣ್ಯದಲ್ಲಿ ಡೈ (ಲೋಹದ ಅಚ್ಚು) ಮಾಡೋರಿಗೆ, ಕೆಲಸ ಹುಡುಕೋ ಹುಡುಗರಿಗೆ ಅದು ಬೇಕು, ಅವರು ಕಲೀಲಿ, ದುಡಿದು ಕೊಂಡುಕೊಳ್ಳಲಿ. ನನಗೆ ಯಾವ ಇಂಟರ್‌ವ್ಯೂ ಇದೆ? ಬ್ರಾಕೆಟ್ ಕತ್ತರಿಸೋಕೆ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಲೇಸರ್ ಕಟಿಂಗ್ ಅಂಗಡಿಗೆ ಹೋಗ್ತೀನಿ. ಅಲ್ಲಿನ ಹುಡುಗ ತಲೆ ಎತ್ತದೆ ಕೇಳೋದು ಎರಡೇ ಪ್ರಶ್ನೆ: "ಡಿಎಕ್ಸ್ಎಫ್ ತಂದಿದೀರಾ ಮೇಡಂ? ಎಂಎಸ್ ಎಷ್ಟು ಎಂಎಂ?" ಡಿಎಕ್ಸ್ಎಫ್ ಅಂದರೆ ಕತ್ತರಿಸೋ ನಕ್ಷೆಯ ಫೈಲು, ಎಂಎಸ್ ಅಂದರೆ ಮೈಲ್ಡ್ ಸ್ಟೀಲ್ ತಗಡು. ಫೈಲು ಕೊಟ್ಟೆ, ಮೂರು ಎಂಎಂ ಅಂದೆ, ಮುಗೀತು. ಯಾವ ಸಾಫ್ಟ್‌ವೇರಲ್ಲಿ ಬರೆದಿರಿ ಅಂತ ಇವತ್ತಿನವರೆಗೂ ಕೇಳಿಲ್ಲ. ಇಂಡಸ್ಟ್ರಿಗೇ ಇಲ್ಲದ ಸ್ಟ್ಯಾಂಡರ್ಡು ನಮ್ಮ ಡ್ರಾಯಿಂಗ್ ರೂಮಿನಲ್ಲಿ!

ಸರಿ, ಕಂಪನಿಗಳೇ ಹವ್ಯಾಸಿಗಳಿಗೆ ಅಂತ ಪುಕ್ಕಟೆ ಕೊಡೋದಿದೆಯಲ್ಲ, ಅದನ್ನಾದರೂ ಬಳಸಬಹುದಲ್ಲ ಅಂತೀರಿ. ಬಳಸಿ, ನನ್ನ ಅಭ್ಯಂತರ ಇಲ್ಲ, ಕದಿಯೋದಕ್ಕಿಂತ ಸಾವಿರ ಪಾಲು ವಾಸಿ. ಷರತ್ತು ಮಾತ್ರ ಓದಿಕೊಳ್ಳಿ. ಫ್ಯೂಷನ್ ನಿಜಕ್ಕೂ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ 2020ರ ಅಕ್ಟೋಬರಿನಿಂದ ವೈಯಕ್ತಿಕ ಲೈಸೆನ್ಸಿನಲ್ಲಿ ಒಮ್ಮೆಗೆ 10 ಫೈಲು ಮಾತ್ರ ತಿದ್ದಬಹುದು. ಹನ್ನೊಂದನೆಯದಕ್ಕೆ ಕೈ ಹಾಕಬೇಕಾದರೆ ಇನ್ನೊಂದಕ್ಕೆ ಬೀಗ ಹಾಕಬೇಕು. ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೊರೆಯೋ ಯಂತ್ರ) ಇಟ್ಟುಕೊಂಡವರಿಗೆ ಇನ್ನೊಂದು ಬಹುಮಾನ: ಟೂಲು ಏನನ್ನೂ ಕೊರೆಯದೆ ಗಾಳಿಯಲ್ಲಿ ಈ ಕಡೆಯಿಂದ ಆ ಕಡೆಗೆ ಹೋಗುವಾಗಲೂ ಕೊರೆಯೋ ವೇಗದಲ್ಲೇ ತೆವಳಬೇಕು. ಆ ವರ್ಷ ಬೇರೆ ಸಾಫ್ಟ್‌ವೇರಿಗೆ ಒಯ್ಯೋಕೆ ಬೇಕಾದ ಸ್ಟೆಪ್ ಫೈಲ್ ಎಕ್ಸ್‌ಪೋರ್ಟನ್ನೂ ಕಿತ್ತುಕೊಳ್ಳೋಕೆ ಹೊರಟಿದ್ದರು, ಜನ ಗಲಾಟೆ ಎಬ್ಬಿಸಿದ ಮೇಲೆ ಬಿಟ್ಟರು. ಆನ್‌ಶೇಪ್ ಅನ್ನೋ ಇನ್ನೊಂದು ಬ್ರೌಸರಿನಲ್ಲೇ ನಡೆಯುತ್ತೆ, ಹಳೇ ಲ್ಯಾಪ್‌ಟಾಪಿಗೂ ಒಗ್ಗುತ್ತೆ, ಆದರೆ ಪುಕ್ಕಟೆ ಖಾತೆಯಲ್ಲಿ ನೀವು ಬರೆದದ್ದೆಲ್ಲಾ ಊರಿಗೇ ಕಾಣುತ್ತೆ. ಸಾಲಿಡ್‌ವರ್ಕ್ಸ್‌ನ ಮೇಕರ್ ಆವೃತ್ತಿ ವರ್ಷಕ್ಕೆ 48 ಡಾಲರಿಗೆ ಸಿಕ್ಕಿದ್ದುಂಟು, ಅದರ ಫೈಲನ್ನು ಅವರದೇ ಪೂರ್ತಿ ಬೆಲೆಯ ಸಾಲಿಡ್‌ವರ್ಕ್ಸ್ ತೆರೆಯಲ್ಲ! ಸೀಮೆನ್ಸ್‌ನ ಸಾಲಿಡ್ ಎಡ್ಜ್ ಕಮ್ಯುನಿಟಿ ಎಡಿಷನ್ನಿನದೂ ಅದೇ ಕಥೆ.

ಹೀಗೆ ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡದ್ದೂ ಇದೆ. ಆಟೊಡೆಸ್ಕಿನದೇ ಪುಕ್ಕಟೆ 123ಡಿ ಡಿಸೈನ್ ಅಂತ ಒಂದಿತ್ತು, ನೆನಪಿದೆಯಾ? 2017ಕ್ಕೆ ಎತ್ತಂಗಡಿ. ಕಂಪ್ಯೂಟರಿಗೆ ಹಾಕಿಕೊಳ್ಳೋ ಪುಕ್ಕಟೆ ಸ್ಕೆಚ್‌ಅಪ್ ಮೇಕ್ ಕೂಡ 2017ರ ಆವೃತ್ತಿಗೇ ನಿಂತಿತು. ಎಷ್ಟು ಜನ ಮರಗೆಲಸದವರು ಅದನ್ನೇ ನಂಬಿಕೊಂಡಿದ್ದರು ಅಂತ ನನಗೆ ಗೊತ್ತು.

ಫ್ರೀಕ್ಯಾಡನ್ನು ಹಾಗೆ ಯಾರೂ ವಾಪಸ್ ಕೇಳೋಕಾಗಲ್ಲ. ಲೈಸೆನ್ಸೇ ಹಾಗಿದೆ. ಅದರ ಫೈಲು ಬರೀ ಒಂದು ಜಿಪ್, ಬಿಚ್ಚಿದರೆ ಒಳಗೆ ಎಕ್ಸ್ಎಂಎಲ್ ಅನ್ನೋ ಸಾದಾ ಅಕ್ಷರದ ಫೈಲು, ಬರಿಗಣ್ಣಲ್ಲಿ ಓದಬಹುದು. ಆದಾಯ ಎಷ್ಟು ಅಂತ ಕೇಳಲ್ಲ, ಲಾಗಿನ್ ಕೇಳಲ್ಲ. ಕರೆಂಟ್ ಹೋಗಿ ವೈಫೈ ಸತ್ತರೂ ಬ್ಯಾಟರಿ ಇರೋವರೆಗೆ ಕೆಲಸ ಮಾಡ್ತೀನಿ.

ಹಾಗಂತ ಅದೇನು ಅಪರಂಜಿ ಅಲ್ಲ. ಬೈಕೊಂಡೇ ಬಳಸ್ತೀನಿ. ಒಂದೊಂದು ಬಗೆಯ ಕೆಲಸಕ್ಕೂ ವರ್ಕ್‌ಬೆಂಚ್ ಅಂತ ಬೇರೆ ಬೇರೆ ಬಟನ್ನುಗಳ ಗುಂಪು. ಒಂದು ವರ್ಕ್‌ಬೆಂಚಿನಲ್ಲಿರೋ ಬಟನ್ನು ಇನ್ನೊಂದರಲ್ಲಿ ಇರಲ್ಲ, ಹುಡುಕೋ ಹೊತ್ತಿಗೆ ಕಾಫಿ ಆರಿರುತ್ತೆ. ಹಳೇ ಆವೃತ್ತಿಗಳಲ್ಲಂತೂ ಒಂದು ದೊಡ್ಡ ಕಾಟ ಇತ್ತು. ನೀವು ಮಾಡಿದ ವಸ್ತುವಿನ ಒಂದೊಂದು ಮುಖಕ್ಕೂ ಅದು ಫೇಸ್ 1, ಫೇಸ್ 2 ಅಂತ ನಂಬರ್ ಕೊಡುತ್ತೆ. ನೀವು ಫೇಸ್ 6ರ ಮೇಲೆ ತೂತು ಕೊರೆದಿರ್ತೀರಿ. ಆಮೇಲೆ ಹಿಂದೆ ಹೋಗಿ ಎಲ್ಲೋ ಒಂದು ಮೂಲೆ ತಿದ್ದಿದಿರೋ, ನಂಬರೆಲ್ಲಾ ಅದಲುಬದಲಾಗಿ ತೂತು ಮೇಲಿಂದ ಪಕ್ಕದ ಗೋಡೆಗೆ ಹಾರಿ ಕೂತಿರೋದು! ರಾತ್ರಿ ಹನ್ನೊಂದಕ್ಕೆ ಇದನ್ನು ನೋಡಿದವರಿಗೇ ಗೊತ್ತು ಆ ಸಂಕಟ. 2024ರ ನವೆಂಬರಿನಲ್ಲಿ 1.0 ಬಂತು, ಈ ಕಾಟ ಬಹುಮಟ್ಟಿಗೆ ಇಳಿದಿದೆ, ಭಾಗಗಳನ್ನು ಜೋಡಿಸಿ ನೋಡೋ ಅಸೆಂಬ್ಲಿಯೂ ಒಳಗೇ ಸೇರಿದೆ. 2002ರಲ್ಲಿ ಶುರುವಾದದ್ದು 1.0 ಅನ್ನಿಸಿಕೊಳ್ಳೋಕೆ 22 ವರ್ಷ. ಹೊಸದಾಗಿ ಕಲಿಯೋರು ದಯವಿಟ್ಟು ಹಳೇ 0.19ರ ಯೂಟ್ಯೂಬ್ ಪಾಠ ನೋಡಿ ನನ್ನನ್ನು ಶಪಿಸಬೇಡಿ.

ಇನ್ನೊಂದು ನಿಜ ಹೇಳಿಬಿಡ್ತೀನಿ. ಆ ಹುಡುಗನ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ನಾನು ಒಂದು ಸಂಜೆಯೆಲ್ಲಾ ಒದ್ದಾಡೋದನ್ನ ಅವನು ಮೊಬೈಲಲ್ಲಿ ಮಾತಾಡ್ತಾ ಮಾಡಿ ಮುಗಿಸ್ತಾನೆ. ಆದರೆ ನಾನು ಶೆಡ್ಡಿಗೆ ಹೋಗೋದು ಬೇಗ ಮುಗಿಸೋಕಲ್ಲ ಕಣ್ರೀ. ಮನೆಯಲ್ಲಿ ಯಾರೂ "ಅಮ್ಮಾ" ಅಂತ ಕರೆಯದ ಜಾಗ ಅದೊಂದೇ.

ಕಾನೂನು ಗೀನೂನು ಎಲ್ಲಾ ದೊಡ್ಡ ಕಂಪನಿಗಳಿಗೆ ಅನ್ನೋರಿಗೆ ಒಂದು ಮಾತು. 1957ರ ಕಾಪಿರೈಟ್ ಕಾಯ್ದೆಯಲ್ಲಿ 63ಬಿ ಅಂತ ಒಂದು ಸೆಕ್ಷನ್ ಇದೆ. ಗೊತ್ತಿದ್ದೂ ನಕಲಿ ಪ್ರೋಗ್ರಾಂ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಲ್ಲ, ವ್ಯಾಪಾರಕ್ಕೂ ಅಲ್ಲ ಅಂತಾದರೆ ಕೋರ್ಟು ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೇ ನಿಲ್ಲಿಸಬಹುದು. ಆಹಾ, ಎಂಥಾ ಸಮಾಧಾನ! ಬೆಲ್ಟ್ ಸ್ಯಾಂಡರ್ ಕೊಂಡುಕೊಂಡರೇ ಅಷ್ಟಾಗಲ್ಲ.

ನಾಲ್ಕಾರು ಜನ ಇನ್‌ಬಾಕ್ಸಲ್ಲಿ ಯಾವುದು ಹಾಕ್ಕೊಳ್ಳಲಿ ಅಂತ ಕೇಳ್ತಾನೇ ಇರ್ತೀರಿ. ಮೊದಲು ಏನು ಮಾಡ್ತೀರಿ ಅಂತ ಹೇಳಿ. ಬರೀ ತಗಡು, ಪ್ಲೈವುಡ್ ಕತ್ತರಿಸೋದಾದರೆ ಲಿಬ್ರೆಕ್ಯಾಡ್ ಸಾಕು, 3ಡಿ ತಂಟೆಯೇ ಬೇಡ. ಮಗುವಿಗೆ ಟಿಂಕರ್‌ಕ್ಯಾಡ್. ನನ್ನ ಹಾಗೆ ಲೆಕ್ಕದ ಮೇಷ್ಟ್ರುಗಳಿದ್ದರೆ ಒಮ್ಮೆ ಓಪನ್‌ಎಸ್‌ಕ್ಯಾಡ್ ನೋಡಿ, ಚಿತ್ರ ಬಿಡಿಸೋದೇ ಇಲ್ಲ, ಸೂತ್ರ ಬರೆದರೆ ವಸ್ತು ಎದ್ದು ನಿಲ್ಲುತ್ತೆ, ನನಗಂತೂ ಬೋರ್ಡಿನ ಮೇಲೆ ಬರೆದಷ್ಟೇ ಖುಷಿ. ಮಿಕ್ಕವರೆಲ್ಲಾ ಫ್ರೀಕ್ಯಾಡ್. ಒಂದು ತಿಂಗಳು ಬೈಕೊಳ್ಳಿ, ಆಮೇಲೆ ಒಗ್ಗುತ್ತೆ. ಉಳಿಯೋ ದುಡ್ಡಲ್ಲಿ ಒಳ್ಳೇ ವರ್ನಿಯರ್ ಒಂದು ತಗೊಳ್ಳಿ. ಅಳತೆಯೇ ತಪ್ಪಿದ್ದರೆ ಯಾವ ಲಕ್ಷ ರೂಪಾಯಿ ಸಾಫ್ಟ್‌ವೇರೂ ಬೇರಿಂಗ್ ಕೂರಿಸಲ್ಲ.

6202ರ ಹೌಸಿಂಗ್ ಫೈಲು ಬೇಕಾದವರು ಕೆಳಗೆ ಕೇಳಿ, ಹಂಚ್ತೀನಿ, ತಿದ್ದಿಕೊಳ್ಳಿ, ನನ್ನ ಹೆಸರು ಹಾಕೋದೂ ಬೇಡ. ಕಾಮೆಂಟಲ್ಲಿ ಕ್ರ್ಯಾಕ್ ಲಿಂಕ್ ಹಾಕಿದರೆ ಮಾತ್ರ ಅಳಿಸಿ ಹಾಕ್ತೀನಿ, ನೆಂಟರಾದರೂ ಅಷ್ಟೇ.